ಹಾಲಿನಂತಿದೆ, ಚೆಲ್ಲಲಾಗಿದೆ

ಜನವರಿ ೪

ಅಕ್ಕನಿಗೆ,

ಒಂಬತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ. ಅಮ್ಮ ಹೋದಾಗ ಬರೆದದ್ದೇ ಕೊನೆ. ‘ನಾನು ಕ್ಷೇಮ’ ಎಂದು ಶುರು ಮಾಡಲು ಹೊರಟೆ, ಅದು ನಿಜವೋ ಸುಳ್ಳೋ ನನಗೇ ಗೊತ್ತಿಲ್ಲದ್ದರಿಂದ ಬಿಟ್ಟೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವು ಮೂರನೇ ಮಾತಿಗೆ ಅಪ್ಪನ ವಿಷಯಕ್ಕೆ ಬರುತ್ತೇವೆ, ನಾಲ್ಕನೇ ಮಾತಿಗೆ ಇಬ್ಬರಲ್ಲೊಬ್ಬರು ಇಟ್ಟುಬಿಡುತ್ತೇವೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ನಾನು ಇನ್ನೂ ಲಿಫ್ಟ್ ರಿಪೇರಿಯ ಕೆಲಸದಲ್ಲೇ ಇದ್ದೇನೆ. ಈ ವರ್ಷದಿಂದ ನಮ್ಮ ಕಂಪನಿಯಲ್ಲಿ ನಲವತ್ತು ದಾಟಿದವರಿಗೆಲ್ಲ ರಕ್ತಪರೀಕ್ಷೆ ಕಡ್ಡಾಯ. ಆರೋಗ್ಯ ಸರಿಯಿದೆ ಎಂದು ಸರ್ಟಿಫಿಕೇಟ್ ಬಂದರೆ ಮಾತ್ರ ಲಿಫ್ಟಿನ ಗುಂಡಿಗೆ ಇಳಿಯಬಹುದು, ಇಲ್ಲವಾದರೆ ಆಫೀಸಿನಲ್ಲಿ ಕೂತು ದೂರು ಬರೆದುಕೊಳ್ಳಬೇಕು. ಇಪ್ಪತ್ತೆರಡು ವರ್ಷ ತಂತಿ, ಗಾಲಿ, ಗ್ರೀಸಿನ ಜೊತೆ ಬದುಕಿದವನಿಗೆ ಕುರ್ಚಿ ಕೊಟ್ಟರೆ ಏನು ಮಾಡಲಿ?

ಈಗ ಆಗಿರುವುದೇನೆಂದರೆ, ಲ್ಯಾಬಿನವರು ನನ್ನ ರಕ್ತವನ್ನು ಎರಡು ಸಲ ಬೇಡವೆಂದಿದ್ದಾರೆ. ಮೊದಲ ಸಲ ‘ಮಾದರಿ ಕೆಟ್ಟಿದೆ, ಊಟ ಮಾಡಿ ಬಂದಿದ್ದೀರಿ’ ಎಂದರು. ಸರಿ, ತಿಂಡಿ ತಿಂದಿದ್ದೆ, ಒಪ್ಪಿಕೊಂಡೆ. ಎರಡನೇ ಸಲ ಹಿಂದಿನ ಸಂಜೆಯಿಂದ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ. ಆಗಲೂ ಅದೇ ರಾಗ. ನಾನು ಜಗಳಕ್ಕೆ ನಿಂತರೆ ಕೌಂಟರಿನ ಹೆಂಗಸು, “ಏನೂ ತಿಂದಿಲ್ಲ ಅಂತ ಎಲ್ರೂ ಹೇಳ್ತಾರೆ ಸಾರ್” ಎಂದಳು. ಮೈಯೆಲ್ಲ ಉರಿದುಹೋಯಿತು.

ನೀನು ಆಯುಷ್ಯವೆಲ್ಲ ರಕ್ತದ ಜೊತೆ ಕಳೆದವಳು. ತಪ್ಪು ಅವರದೋ, ನನ್ನದೋ? ಇಷ್ಟು ಹೇಳಿದರೆ ಸಾಕು, ಬೇರೇನೂ ಬರೆಯಬೇಕಿಲ್ಲ.

ನಿನ್ನ ತಮ್ಮ,
(ಅಪ್ಪ ಕರೆಯುತ್ತಿದ್ದ ಹಾಗೆ) ಸ್ಕ್ರೂ


ಜನವರಿ ೧೧

ತಮ್ಮಾ,

ನಿನ್ನ ಕಾಗದವನ್ನು ಬಾಗಿಲಲ್ಲೇ ನಿಂತು ಓದಿದೆ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಮತ್ತೆ ಓದಿದೆ. ಬಯ್ಯುವುದಕ್ಕಾದರೂ ಬರೆದೆಯಲ್ಲ, ಅಷ್ಟೇ ಖುಷಿ.

ಈಗ ನಾನು ಹೇಳಿದ ಹಾಗೆ ಮಾಡು, ತರ್ಕ ಮಾಡಬೇಡ. ಹನ್ನೆರಡು ಗಂಟೆ ಏನೂ ತಿನ್ನದೆ ಮತ್ತೊಮ್ಮೆ ರಕ್ತ ಕೊಡು. ಕೊಟ್ಟ ಮೇಲೆ ಅಲ್ಲಿಂದ ಅಲುಗಾಡಬೇಡ. ‘ಇದನ್ನ ಚೆಲ್ಬೇಡಿ. ಯಂತ್ರದಲ್ಲಿ ತಿರುಗಿಸಿ, ಒಂದು ದಿನ ಫ್ರಿಜ್ಜಿನಲ್ಲಿ ನಿಲ್ಲಿಸಿ. ನಾಳೆ ನಾನೇ ಬಂದು ನೋಡ್ತೀನಿ’ ಎಂದು ಹೇಳು. ನಕ್ಕರೆ ನಗಲಿ. ನಮ್ಮ ಅಕ್ಕ ಇಪ್ಪತ್ತೆಂಟು ವರ್ಷ ಇದೇ ಕೆಲಸ ಮಾಡಿದವಳು, ತುಂಬಾ ಕೆಟ್ಟವಳು ಎಂದು ಹೆದರಿಸು. ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಕೊಬ್ಬು, ಎಷ್ಟಿದೆ ಎಂದು ಬರೆದು ಕೊಡದೆ ಬಿಡಬೇಡ.

ಅಲ್ಲಿಯವರೆಗೆ ಎಣ್ಣೆ, ಬೆಣ್ಣೆ, ಕರಿದದ್ದು ಯಾವುದೂ ಬೇಡ. ಪಕ್ಕೆಲುಬಿನ ಕೆಳಗೆ ನೋವು ಶುರುವಾಗಿ ಬೆನ್ನಿಗೆ ಹಾಯ್ದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗು.

ಇನ್ನೊಂದು ಪ್ರಶ್ನೆಯನ್ನು ಕೇಳಲೇಬೇಕು, ನಮ್ಮ ಕೆಲಸದಲ್ಲಿ ಎಲ್ಲರನ್ನೂ ಕೇಳುತ್ತೇವೆ. ನೀನು ಕುಡಿಯುತ್ತೀಯಾ?

ನಿನ್ನ ಅಕ್ಕ


ಜನವರಿ ೨೪

ಅಕ್ಕಾ,

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ಕುಡಿಯುವುದಿಲ್ಲ. ಇಂದಿನವರೆಗೆ ಒಂದು ತೊಟ್ಟೂ ಇಲ್ಲ. ಯಾಕೆಂದು ನಿನಗೆ ಗೊತ್ತಿರಬೇಕು.

ಅಪ್ಪ ಇಪ್ಪತ್ತು ವರ್ಷ ಬಸ್ ಓಡಿಸಿದ, ಒಂದು ಸೈಕಲ್ಲಿಗೂ ತಾಗಿಸಲಿಲ್ಲ. ಹೊಟ್ಟೆನೋವೆಂದು ಆಸ್ಪತ್ರೆ ಸೇರಿದಾಗ ಚೀಟಿಯಲ್ಲಿ ‘ಕುಡಿತದಿಂದ’ ಎಂದು ಬರೆದರು. ಆ ಒಂದು ಪದ ನೋಡಿ ಡಿಪೋದವರು ಸ್ಟೀರಿಂಗ್ ಬಿಡಿಸಿ ಕೈಗೆ ನೀರಿನ ಪೈಪು ಕೊಟ್ಟರು. ಮೂರು ವರ್ಷ ಬೇರೆಯವರು ಓಡಿಸಿದ ಬಸ್ಸುಗಳನ್ನು ತೊಳೆದ. ಅದೇ ನೋವು ಎರಡನೇ ಸಲ ಬಂತು, ಹೋದ. “ನಾನು ಕುಡಿದಿಲ್ಲ ಕಣೋ ಸ್ಕ್ರೂ” ಎಂದು ಕೊನೆಯ ದಿನವೂ ಹೇಳಿದ. ನಂಬಿದವನು ನಾನೊಬ್ಬ. ಅವನು ಮೊದಲ ಸಲ ಮಲಗಿದಾಗ ನೀನು ಆಗಷ್ಟೇ ಅದೇ ಆಸ್ಪತ್ರೆಯ ಲ್ಯಾಬು ಸೇರಿ ಕೆಲಸ ಕಲಿಯುತ್ತಿದ್ದೆ. “ರಕ್ತ ಸುಳ್ಳು ಹೇಳಲ್ಲ ಅಪ್ಪ” ಎಂದು ಅವನ ಮುಖಕ್ಕೇ ಹೇಳಿದೆ. ಅವನು ಹೋದ ದಿನ ಬಂದವರೆದುರು ‘ಕುಡಿತ ತಿಂದುಬಿಡ್ತು’ ಎಂದು ಅತ್ತೆ. ಅದಕ್ಕೇ ನಾನು ಊರು ಬಿಟ್ಟೆ. ಇದನ್ನೆಲ್ಲ ಬರೆಯಬಾರದು ಎಂದುಕೊಂಡಿದ್ದೆ, ನಿನ್ನ ಪ್ರಶ್ನೆ ಬರೆಸಿತು.

ಇರಲಿ. ಈಗ ನಾನು ನೋಡಿದ್ದನ್ನು ಹೇಳುತ್ತೇನೆ.

ನೀನು ಹೇಳಿದ ಹಾಗೇ ಮಾಡಿದೆ. ಮರುದಿನ ಬೆಳಿಗ್ಗೆ ಹೋದಾಗ ಆ ಕೌಂಟರಿನ ಹೆಂಗಸೇ ನನ್ನನ್ನು ಒಳಗೆ ಕರೆದುಕೊಂಡು ಹೋದಳು. ಅವಳ ಮುಖದಲ್ಲಿ ನಗುವಿರಲಿಲ್ಲ. ಫ್ರಿಜ್ಜಿನಿಂದ ಒಂದು ಗಾಜಿನ ಕೊಳವೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಪಕ್ಕದಲ್ಲಿ ಬೇರೆ ಯಾರದೋ ಕೊಳವೆ. ಅದರಲ್ಲಿ ಕೆಳಗೆ ಕೆಂಪು ಕೂತಿತ್ತು, ಮೇಲೆ ತಿಳಿಯಾದ ಹಳದಿ ನೀರು. ನನ್ನದರಲ್ಲಿ ಕೆಂಪಿನ ಮೇಲೆ ಹಾಲು! ಅದರ ಮೇಲೆ ಬೆರಳು ದಪ್ಪ ಕೆನೆ ಕಟ್ಟಿತ್ತು. ಕೊಳವೆಯನ್ನು ವಾಲಿಸಿದರೆ ಕೆನೆ ನಿಧಾನವಾಗಿ ಜಾರಿತು. ಅಕ್ಕಾ, ನಾನು ಇಪ್ಪತ್ತು ಮಹಡಿಯ ಮೇಲೆ ನಿಂತು ಕೆಳಗೆ ನೋಡಿದವನು, ಒಮ್ಮೆಯೂ ಹೆದರಿದ್ದಿಲ್ಲ. ಆ ಕೊಳವೆ ನೋಡಿ ಮೇಜು ಹಿಡಿದುಕೊಂಡೆ. ಇದನ್ನು ಮೈಯಲ್ಲಿ ಹೊತ್ತುಕೊಂಡು ಏಣಿ ಹತ್ತಿದ್ದೇನೆ, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದೇನೆ, ನಿನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದೇನೆ. ಒಳಗೆ ಇಷ್ಟು ಬಿಳಿಯೆಂದು ಯಾರಿಗೆ ಗೊತ್ತಿತ್ತು? ಭಯಕ್ಕಿಂತ ಹೆಚ್ಚಾಗಿ ಬೆರಗೇ ಆಯಿತು.

ಟ್ರೈಗ್ಲಿಸರೈಡ್ ೨,೧೪೦, ನೂರೈವತ್ತರ ಒಳಗಿರಬೇಕಂತೆ. ಕೊಲೆಸ್ಟರಾಲ್ ೩೧೦. ಕಂಪನಿಯ ಡಾಕ್ಟರು ಕೊಲೆಸ್ಟರಾಲಿನ ಅಂಕಿ ಮಾತ್ರ ನೋಡಿ ಸ್ಟ್ಯಾಟಿನ್ ಎಂಬ ಮಾತ್ರೆ ಬರೆದಿದ್ದಾರೆ. ಸರ್ಟಿಫಿಕೇಟನ್ನು ಸದ್ಯಕ್ಕೆ ತಡೆಹಿಡಿದಿದ್ದಾರೆ. ದೂರು ಬರೆದುಕೊಳ್ಳುವ ಕುರ್ಚಿಯಲ್ಲಿ ಕೂತೇ ಇದನ್ನು ಬರೆಯುತ್ತಿದ್ದೇನೆ.

ಸ್ಕ್ರೂ


ಫೆಬ್ರವರಿ ೨

ತಮ್ಮಾ,

ಬೈದದ್ದಕ್ಕೆಲ್ಲ ನಾನು ಅರ್ಹಳು. ಅದಕ್ಕೆ ಉತ್ತರ ಬೇರೆ ದಿನ ಕೊಡುತ್ತೇನೆ. ಮೊದಲು ನೀನು ಉಳಿಯಬೇಕು.

ಸ್ಟ್ಯಾಟಿನ್ ಒಳ್ಳೆಯ ಔಷಧಿಯೇ. ಆದರೆ ನಿನ್ನ ಮನೆಗೆ ಬೆಂಕಿ ಬಿದ್ದಿರುವುದು ಅಡುಗೆಮನೆಯಲ್ಲಿ, ಅದು ನೀರು ಹಾಕುತ್ತಿರುವುದು ಜಗಲಿಗೆ. ನಿನ್ನ ಕಸುಬಿನ ಭಾಷೆಯಲ್ಲೇ ಹೇಳುತ್ತೇನೆ, ಕೇಳು.

ಕೊಬ್ಬು ನೀರಿನಲ್ಲಿ ಕರಗುವುದಿಲ್ಲ. ರಕ್ತವೆಂದರೆ ಬಹುಪಾಲು ನೀರು. ಹಾಗಾಗಿ ನಿನ್ನ ಯಕೃತ್ತು, ಅಂದರೆ ಲಿವರು, ಕೊಬ್ಬನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಲಿಫ್ಟುಗಳಲ್ಲಿ ತುಂಬಿ ಕಳಿಸುತ್ತದೆ. ಒಳಗಿರುವ ಸರಕೇ ಟ್ರೈಗ್ಲಿಸರೈಡ್. ಲಿಫ್ಟು ಒಂದೊಂದು ಮಹಡಿಯಲ್ಲಿ, ಅಂದರೆ ಸ್ನಾಯುಗಳ ಹತ್ತಿರ, ನಿಲ್ಲುತ್ತದೆ. ಬಾಗಿಲಲ್ಲಿ ಸರಕು ಇಳಿಸುವವರಿದ್ದಾರೆ. ಇಳಿಸಿ ಇಳಿಸಿ ಕೊನೆಗೆ ಬರಿ ಲಿಫ್ಟು ಉಳಿಯುತ್ತದೆ, ಅದರ ಗೋಡೆಯಲ್ಲಿರುವುದು ಕೊಲೆಸ್ಟರಾಲ್. ಆ ಖಾಲಿ ಲಿಫ್ಟುಗಳು ದಾರಿಯಲ್ಲೇ ನಿಂತರೆ ನಾಳಗಳಿಗೆ ಅಂಟಿ ಹೃದಯಕ್ಕೆ ತೊಂದರೆ. ಇದು ನಿನ್ನ ಮೈಯೊಳಗೆ ನೀನು ನಿದ್ದೆ ಮಾಡುವಾಗಲೂ ನಡೆಯುತ್ತದೆ. ಇಷ್ಟು ವರ್ಷವಾದರೂ ಇದನ್ನು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ.

ಈಗ ಔಷಧಿ. ಸ್ಟ್ಯಾಟಿನ್ ಮಾಡುವುದು, ಖಾಲಿ ಲಿಫ್ಟುಗಳನ್ನು ಲಿವರಿಗೆ ವಾಪಸ್ ಎಳೆಸಿಕೊಳ್ಳುವುದು. ಕೆಟ್ಟ ಕೊಲೆಸ್ಟರಾಲು ಅರ್ಧದಷ್ಟು ಇಳಿದದ್ದನ್ನು ನಾನೇ ಕಂಡಿದ್ದೇನೆ. ಹೃದಯಕ್ಕೆ ಅದರಷ್ಟು ಗಟ್ಟಿ ಸಾಕ್ಷಿ ಬೇರೆ ಔಷಧಿಗಿಲ್ಲ. ಆದರೆ ತುಂಬಿದ ಲಿಫ್ಟುಗಳ ಮೇಲೆ ಅದರ ಆಟ ಅಷ್ಟಕ್ಕಷ್ಟೇ. ಫೈಬ್ರೇಟ್ ಎಂಬುದು ಬಾಗಿಲಲ್ಲಿ ಸರಕು ಇಳಿಸುವವರನ್ನು ಹೆಚ್ಚಿಸುತ್ತದೆ. ಟ್ರೈಗ್ಲಿಸರೈಡನ್ನು ಮೂರನೇ ಒಂದು ಪಾಲು, ಕೆಲವರಲ್ಲಿ ಅರ್ಧ ಇಳಿಸುತ್ತದೆ. ಇದರಲ್ಲೇ ಎರಡು ಬಗೆಯಿವೆ. ಜೆಮ್‌ಫೈಬ್ರೊಜಿಲ್ ಎಂಬುದು ಸ್ಟ್ಯಾಟಿನ್ ಜೊತೆ ಒಂದೇ ಮನೆಯಲ್ಲಿ ಬಾಳುವುದಿಲ್ಲ, ಸ್ನಾಯುಗಳನ್ನು ಹಾಳುಮಾಡಬಹುದು. ಫೀನೊಫೈಬ್ರೇಟ್ ಎಂಬುದು ಸ್ವಲ್ಪ ಹೊಂದಿಕೊಂಡು ಹೋಗುವ ಸ್ವಭಾವದ್ದು. ಮೂರನೆಯದು ಶುದ್ಧ ಮಾಡಿದ ಮೀನೆಣ್ಣೆ, ಡಾಕ್ಟರ ಚೀಟಿಯ ಮೇಲೆ ಕೊಡುವಂಥದು. ಅದು ಲಿವರಿನಲ್ಲಿ ಸರಕು ತುಂಬುವುದನ್ನೇ ಕಡಿಮೆ ಮಾಡುತ್ತದೆ, ಸುಮಾರು ಕಾಲು ಭಾಗ ಇಳಿಸೀತು. ನಯಾಸಿನ್ ಎಂಬ ಹಳೆಯದೊಂದಿತ್ತು, ತಿಂದವರ ಮುಖ ಕೆಂಪಗಾಗಿ ಉರಿಯುತ್ತಿತ್ತು. ಈಗ ಹೆಚ್ಚಾಗಿ ಕೊಡುವುದಿಲ್ಲ.

ಊಟದ ಕೊಬ್ಬು ಕರುಳಿನಿಂದ ಬೇರೆಯೇ ದೊಡ್ಡ ಲಿಫ್ಟುಗಳಲ್ಲಿ ಬರುತ್ತದೆ. ನಿನ್ನ ಕೊಳವೆಯ ಮೇಲೆ ಕಟ್ಟಿದ ಕೆನೆ ಅದೇ. ನಿನಗೆ ಹುಟ್ಟಿನಿಂದಲೇ ಇಳಿಸುವವರು ಕಮ್ಮಿ ಇರಬೇಕು. ಆ ಕೆನೆಗೆ ಯಾವ ಮಾತ್ರೆಯೂ ಪೂರ್ತಿ ಸಾಲದು, ಕೊಬ್ಬು ಬಿಡಲೇಬೇಕು. ಐನೂರರ ಕೆಳಗಿಳಿಸಿ ಅಲ್ಲೇ ಇಟ್ಟುಕೊಂಡರೆ ಮೇದೋಜೀರಕ ಗ್ರಂಥಿ ಉರಿಯೇಳುವ ಭಯ ಬಹಳ ಮಟ್ಟಿಗೆ ತಪ್ಪುತ್ತದೆ. ಹೊಟ್ಟೆಯ ಹಿಂದಿರುವ ಗ್ರಂಥಿ ಅದು. ಅದು ಕೆರಳಿದರೆ ಆಟವಲ್ಲ.

ನಾನು ಲ್ಯಾಬಿನವಳು, ಡಾಕ್ಟರಲ್ಲ. ಇದನ್ನೆಲ್ಲ ಹಿಡಿದುಕೊಂಡು ತಜ್ಞರ ಹತ್ತಿರ ಹೋಗು. ನೀನಾಗಿ ಒಂದು ಮಾತ್ರೆಯನ್ನೂ ಸೇರಿಸಬೇಡ, ಬಿಡಬೇಡ.

ಅಕ್ಕ


ಮಾರ್ಚ್ ೧೫

ಅಕ್ಕಾ,

ತಜ್ಞರ ಹತ್ತಿರ ಹೋದೆ. ವಯಸ್ಸಾದ ಹೆಂಗಸು, ಗಟ್ಟಿಗಿತ್ತಿ. ನಿನ್ನ ಲಿಫ್ಟಿನ ಕಥೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿ, “ನಿಮ್ಮಕ್ಕನ್ನ ನಮ್ ಕಾಲೇಜಿಗೆ ಪಾಠ ಮಾಡಕ್ಕೆ ಕಳಿಸಿ” ಎಂದರು. ನನಗೆ ಎದೆ ಉಬ್ಬಿತು, ಅದನ್ನು ಅಡಗಿಸಲು ಕೆಮ್ಮಿದೆ.

ಮೂರನ್ನೂ ಕೊಟ್ಟಿದ್ದಾರೆ. ಮೊದಲು ಫೈಬ್ರೇಟು ಮತ್ತು ಮೀನೆಣ್ಣೆ, ಆಮೇಲೆ ಸ್ಟ್ಯಾಟಿನ್ ಕಡಿಮೆ ಪ್ರಮಾಣದಲ್ಲಿ. ಅದಕ್ಕೂ ಮೊದಲು ನಾನೊಂದು ಜಾಣತನ ಮಾಡಿದ್ದೆ. ಚೀಟಿಯ ಮೀನೆಣ್ಣೆ ಯಾಕೆ, ಎಲ್ಲ ಮೀನೂ ಮೀನೇ ಎಂದು ಅಂಗಡಿಯ ಡಬ್ಬಿ ತಂದು ದಿನಕ್ಕೆ ಹತ್ತು ನುಂಗಿದೆ. ಎರಡನೇ ದಿನ ಒಬ್ಬ ವಕೀಲರ ಜೊತೆ ಲಿಫ್ಟಿನಲ್ಲಿ ಹೋಗುತ್ತಿದ್ದೆ. ತೇಗು ಬಂತು. ಅವರು ಬಾಗಿಲಿಗೆ ಮುಖ ಮಾಡಿ ನಿಂತರು, ಒಂಬತ್ತು ಮಹಡಿಯವರೆಗೂ. ತಜ್ಞರು ಇದನ್ನು ಕೇಳಿ ನಗಲಿಲ್ಲ. ಅಂಗಡಿಯದರಲ್ಲಿ ಬೇಕಾದ ಅಂಶ ಎಷ್ಟಿದೆಯೋ ದೇವರಿಗೇ ಗೊತ್ತು, ಔಷಧಿಯದು ಅಳೆದು ತೂಗಿ ಮಾಡಿದ್ದು, ಎರಡೂ ಒಂದೇ ಅಲ್ಲ ಎಂದು ಬೈದರು.

ನಾಲ್ಕು ವಾರಕ್ಕೆ ೬೪೦! ಎರಡು ಸಾವಿರದಿಂದ! ಕೊಳವೆಯನ್ನು ಮತ್ತೆ ನೋಡಲು ಹೋದೆ. ಕೆನೆ ಇಲ್ಲ, ಮಸುಕಾದ ಗಾಜಿನ ಹಾಗಿದೆ. ಕೌಂಟರಿನ ಹೆಂಗಸು ಮತ್ತು ನಾನು ಇಬ್ಬರೂ ಅದನ್ನು ಹೊಸ ಕೂಸನ್ನು ನೋಡುವ ಹಾಗೆ ನೋಡಿದೆವು. ಬಟಾಣಿಯಷ್ಟು ಮಾತ್ರೆ ನುಂಗಿದರೆ ಇಷ್ಟೆಲ್ಲ ಆಗುತ್ತದೆಂದರೆ ಯಾರು ನಂಬುತ್ತಾರೆ? ಸಂಜೆ ತೊಡೆಗಳು ನೋಯುತ್ತವೆ, ಅದೊಂದೇ ಕಿರಿಕಿರಿ.

ಈಗ ನನ್ನ ಪ್ರಶ್ನೆ. ಒಂದು ತಿಂಗಳಿಂದ ನಾಲಿಗೆ ತುದಿಯಲ್ಲಿದೆ. ಇದು ಹುಟ್ಟಿನಿಂದ ಬರುವುದು ಎಂದು ನೀನು ಬರೆದೆ. ಕುಡಿಯದವನಿಗೂ ಈ ನೋವು ಬರುತ್ತದೆ ಎಂದು ತಜ್ಞರೂ ಹೇಳಿದರು. ಹಾಗಾದರೆ ಅಪ್ಪನಿಗೂ ಇದೇ ಇತ್ತಾ? ಅವನ ರಕ್ತವೂ ಬಿಳಿಯಾಗಿತ್ತಾ? ನೀನು ಅಲ್ಲೇ ಇದ್ದೆ. ನಿನಗಲ್ಲದೆ ಯಾರಿಗೂ ಗೊತ್ತಿರಲಾರದು.

ಸ್ಕ್ರೂ


ಮಾರ್ಚ್ ೨೩

ತಮ್ಮಾ,

ತೊಡೆನೋವನ್ನು ಕಡೆಗಣಿಸಬೇಡ. ಫೈಬ್ರೇಟ್ ಮತ್ತು ಸ್ಟ್ಯಾಟಿನ್ ಎರಡೂ ಸೇರಿದಾಗ ಹೀಗಾಗುವುದುಂಟು. ತಜ್ಞರಿಗೆ ಹೇಳು, ಸ್ನಾಯುವಿನ ರಕ್ತಪರೀಕ್ಷೆ ಮಾಡಿಸುತ್ತಾರೆ, ಬೇಕಿದ್ದರೆ ಪ್ರಮಾಣ ಬದಲಿಸುತ್ತಾರೆ. ನೀನೇ ನಿಲ್ಲಿಸಬೇಡ.

ಇದರ ಜೊತೆ ಒಂದು ತೆರೆದ ಕಾಗದವಿದೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಂಗಿಯ ಜೇಬಿನಲ್ಲೇ ಇಟ್ಟುಕೊ. ಕೆಲಸದ ಅಂಗಿಗೂ, ಮನೆಯ ಅಂಗಿಗೂ ಬದಲಾಯಿಸಲು ಮರೆಯಬೇಡ.

ನಿನ್ನ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಸ್ವಲ್ಪ ಸಮಯ ಕೊಡು.

ಅಕ್ಕ

[ಜೊತೆಗಿದ್ದ ಕಾಗದ]

ಇವನನ್ನು ನೋಡುವ ಡಾಕ್ಟರಿಗೆ, ಇವನ ರಕ್ತ ಪರೀಕ್ಷಿಸುವವರಿಗೆ,

ಇವನು ನನ್ನ ತಮ್ಮ. ಕುಡಿಯುವುದಿಲ್ಲ. ದಯವಿಟ್ಟು ನಂಬಿ. ಹೊಟ್ಟೆನೋವೆಂದು ಬಂದಿದ್ದರೆ ಮೊದಲು ಟ್ರೈಗ್ಲಿಸರೈಡ್ ನೋಡಿ. ಇವನ ರಕ್ತ ಹಾಲಿನಂತೆ ಕಂಡರೆ ಮಾದರಿ ಕೆಟ್ಟಿಲ್ಲ, ಅದೇ ಇವನ ಕಾಯಿಲೆ. ಚೆಲ್ಲಬೇಡಿ. ಉಪವಾಸವಿಟ್ಟು ಎರಡು ದಿನ ಬಿಟ್ಟು ನೋಡಿದರೆ ಅದು ತಿಳಿಯಾಗಿರುತ್ತದೆ, ಆಗ ಗೊತ್ತಾಗುವುದಿಲ್ಲ. ಸಂದೇಹವಿದ್ದರೆ ಕೆಳಗಿನ ವಿಳಾಸಕ್ಕೆ, ನಂಬರಿಗೆ ಯಾವ ಹೊತ್ತಿನಲ್ಲಾದರೂ ತಿಳಿಸಿ.

ಹಿರಿಯ ಲ್ಯಾಬ್ ತಂತ್ರಜ್ಞೆ, ಇವನ ಅಕ್ಕ


ಮೇ ೧೯

ಮಾನ್ಯ ಸಹೋದ್ಯೋಗಿಗಳಿಗೆ ನಮಸ್ಕಾರ.

ನನ್ನ ಪರಿಚಯ ತಮಗಿಲ್ಲ. ನಿಮ್ಮ ತಮ್ಮ ಇರುವ ಊರಿನ ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ನಿವೃತ್ತಿಗೆ ಐದು ತಿಂಗಳಿದೆ. ನಿಮ್ಮ ತಮ್ಮ ಹುಷಾರಾಗುತ್ತಿದ್ದಾರೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಫೋನಿನಲ್ಲಿ ಡಾಕ್ಟರು ನಿಮಗೆ ತಿಳಿಸಿದ್ದಾರೆಂದು ಗೊತ್ತು. ಆದರೆ ಅವರು ಹೇಳದ ಒಂದು ವಿಷಯ ನನ್ನಲ್ಲಿದೆ.

ಹೋದ ಮಂಗಳವಾರ ಮಧ್ಯಾಹ್ನ ಇವರನ್ನು ಕರೆತಂದರು. ಲಿಫ್ಟಿನ ಮೋಟರ್ ಕೋಣೆಯಲ್ಲಿ ಎರಡಾಗಿ ಮಡಚಿಕೊಂಡು ಬಿದ್ದಿದ್ದರಂತೆ. ಸರ್ಟಿಫಿಕೇಟ್ ಸಿಕ್ಕಿ ಹದಿನೈದೇ ದಿನವಾಗಿತ್ತಂತೆ. ತೊಡೆನೋವೆಂದು ಫೈಬ್ರೇಟನ್ನು ಒಂದು ತಿಂಗಳಿಂದ ತಾವೇ ಬಿಟ್ಟಿದ್ದರು. ಅದರ ಮೇಲೆ ಯಾರದೋ ಬೀಳ್ಕೊಡುಗೆಯ ಊಟ. ನಮ್ಮ ತುರ್ತು ವಿಭಾಗದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, “ಎಷ್ಟು ಕುಡೀತೀರಿ?” ಆ ನೋವಿನಲ್ಲೂ ಈ ಮನುಷ್ಯ ನಕ್ಕರಂತೆ. ಜೇಬಿಗೆ ಕೈ ತೋರಿಸಿದರಂತೆ.

ಅಷ್ಟರಲ್ಲಿ ರಕ್ತ ನನ್ನ ಹತ್ತಿರ ಬಂದಿತ್ತು. ತಿರುಗಿಸಿದೆ. ಹಾಲು. ಕೆಟ್ಟ ಮಾದರಿ ಎಂದು ಚೀಟಿ ಬರೆದೂ ಆಗಿತ್ತು, ಚೆಲ್ಲಲು ಕೈ ಹೋಗಿತ್ತು. ಡಾಕ್ಟರು ನಿಮ್ಮ ಕಾಗದ ಹಿಡಿದುಕೊಂಡು ಓಡಿಬಂದರು. ‘ಚೆಲ್ಲಬೇಡಿ’ ಎಂಬಲ್ಲಿ ನನ್ನ ಕಣ್ಣು ನಿಂತಿತು. ಮತ್ತೆ ಮಾಡಿ ನೋಡಿದರೆ ೩,೩೬೦. ಕುಡಿತದ ಮಾತು ಅಲ್ಲಿಗೆ ನಿಂತು ಸರಿಯಾದ ಚಿಕಿತ್ಸೆ ಆಗಲೇ ಶುರುವಾಯಿತು.

ಮೂವತ್ತಾರು ವರ್ಷದಲ್ಲಿ ಇಂಥ ಕೊಳವೆಗಳನ್ನು ಎಷ್ಟು ಚೆಲ್ಲಿರಬಹುದು ಎಂದು ಲೆಕ್ಕ ಹಾಕಲು ಹೋಗಿ ಹೆದರಿ ನಿಲ್ಲಿಸಿದೆ. ಆದರೆ ನಮ್ಮಲ್ಲೊಂದು ನಿಯಮವಿದೆ, ನಿಮ್ಮಲ್ಲೂ ಇರಬೇಕು: ಬೇಡವೆಂದ ಪ್ರತಿಯೊಂದು ಮಾದರಿಯನ್ನೂ ಪುಸ್ತಕದಲ್ಲಿ ಬರೆದೇ ಚೆಲ್ಲಬೇಕು. ನಿನ್ನೆ ಹಳೆಯ ಪುಸ್ತಕಗಳನ್ನು ತೆಗೆಸಿ ಕೂತೆ. ‘ಹಾಲಿನಂತಿದೆ’ ಎಂದು ಬರೆದವು ಒಂಬತ್ತು ಸಿಕ್ಕಿವೆ. ನಿವೃತ್ತಿಯಾಗುವುದರೊಳಗೆ ಆ ರೋಗಿಗಳಲ್ಲಿ ಇನ್ನೂ ಬದುಕಿರುವವರನ್ನು ಹುಡುಕುತ್ತೇನೆ. ನಿಮಗೆ ಹೇಳಬೇಕೆನಿಸಿತು.

ವಂದನೆಗಳೊಂದಿಗೆ,
ನಿಮ್ಮ ಹಾಗೇ ಒಬ್ಬ


ಜೂನ್ ೨

ತಮ್ಮಾ,

ಆಸ್ಪತ್ರೆಗೆ ಬಂದು ನಿನ್ನ ಹಾಸಿಗೆಯ ಪಕ್ಕ ನಾಲ್ಕು ದಿನ ಕೂತೆ. ಅಪ್ಪನ ವಿಷಯ ನಾನು ಎತ್ತಲಿಲ್ಲ. ನೀನೂ ಕೇಳಲಿಲ್ಲ. ಕಿತ್ತಳೆಹಣ್ಣು ಸುಲಿದುಕೊಟ್ಟೆ, ನೀನು ತಿಂದೆ. ಮನೆಗೆ ಬಂದ ಮೇಲೆ ಬರೆಯುತ್ತಿದ್ದೇನೆ.

ಹೌದು. ಅಪ್ಪನ ರಕ್ತ ಬಿಳಿಯಾಗಿತ್ತು. ಅದು ನನ್ನ ಕೈಗೇ ಬಂದಿತ್ತು.

ಕೆಲಸಕ್ಕೆ ಸೇರಿ ಆರು ವಾರವಾಗಿತ್ತು. ಬೆಳಿಗ್ಗೆಯ ಮೊದಲ ಸುತ್ತಿನ ಕೊಳವೆಗಳಲ್ಲಿ ಒಂದು ಹಾಲಿನಂತಿತ್ತು. ಚೀಟಿ ನೋಡಿದರೆ ಅಪ್ಪನ ಹಾಸಿಗೆ. ನನಗೆ ನಾಚಿಕೆಯಾಯಿತು, ಅದೇ ನಿಜ. ನಮ್ಮಪ್ಪ ಕದ್ದು ತಿಂದಿದ್ದಾನೆ, ಹಿರಿಯರೆದುರು ನನ್ನ ಮರ್ಯಾದೆ ಹೋಯಿತು ಎಂದುಕೊಂಡೆ. ವಾರ್ಡಿಗೆ ಓಡಿದೆ. “ರಾತ್ರಿ ಏನ್ ತಿಂದೆ?” ಎಂದು ಕೇಳಿದೆ. “ನಿನ್ನೆ ಮಧ್ಯಾಹ್ನದಿಂದ ನೀರು ಬಿಟ್ರೆ ಏನೂ ಇಳಿದಿಲ್ಲ ಕಣಮ್ಮ. ಈ ನೋವಲ್ಲಿ ಯಾರು ತಿಂತಾರೆ?” ಎಂದ. “ಸುಳ್ಳು ಹೇಳ್ಬೇಡ” ಎಂದೆ. ಅವನು ಗೋಡೆಯ ಕಡೆ ತಿರುಗಿದ. ನಾನು ವಾಪಸ್ ಬಂದು ಅದನ್ನು ತೊಟ್ಟಿಗೆ ಚೆಲ್ಲಿದೆ, ನಲ್ಲಿ ಬಿಟ್ಟೆ.

ಮತ್ತೆ ರಕ್ತ ತೆಗೆದದ್ದು ಎರಡು ದಿನ ಬಿಟ್ಟು. ಅಷ್ಟರಲ್ಲಿ ಊಟವಿಲ್ಲದೆ, ಬರಿ ಡ್ರಿಪ್ಪಿನಲ್ಲಿ ಅದು ತಿಳಿಯಾಗಿತ್ತು. ಕಾರಣ ಸಿಗಲಿಲ್ಲ. ಕಾರಣ ಸಿಗದಿದ್ದಾಗ ಬಸ್ ಡ್ರೈವರನೊಬ್ಬನಿಗೆ ಏನು ಬರೆಯುತ್ತಾರೋ ಅದನ್ನು ಬರೆದರು. ನಾನು ಅದನ್ನು ನಂಬಿದೆ.

ಕೆಲವು ವರ್ಷಗಳ ಮೇಲೆ ಈ ಕಾಯಿಲೆಯ ಬಗ್ಗೆ ಓದುವಾಗ ಒಮ್ಮೆ ಅಪ್ಪನ ಕೊಳವೆ ನೆನಪಾಗಿತ್ತು. ಪುಸ್ತಕ ಮುಚ್ಚಿದೆ. ನೆನಪಾದದ್ದು ಸುಳ್ಳಿರಬಹುದು ಎಂದುಕೊಂಡೆ. ನಿನ್ನ ಮೊದಲ ಕಾಗದ ಬಂದ ದಿನ ಇನ್ನು ಮುಚ್ಚಲಾಗದು ಎಂದು ತಿಳಿಯಿತು. ಆದರೂ ಐದು ತಿಂಗಳು ಮುಚ್ಚಿಟ್ಟೆ.

ನಿಮ್ಮೂರಿನ ಆ ಹಿರಿಯರ ಕಾಗದ ಬಂದ ಮೇಲೆ ನಮ್ಮ ನೆಲಮಾಳಿಗೆಗೆ ಇಳಿದೆ. ಮುರಿದ ಕುರ್ಚಿ, ತೂಕದ ಯಂತ್ರಗಳ ಹಿಂದೆ ಹಳೆಯ ಪುಸ್ತಕಗಳ ಕಟ್ಟುಗಳಿವೆ. ಮೂರು ದಿನ ಹುಡುಕಿದೆ. ಸಿಕ್ಕಿತು. ನನ್ನದೇ ಅಕ್ಷರ, ಆಗ ಎಷ್ಟು ಗುಂಡಗಿತ್ತು! ಪ್ರತಿ ಕಳಿಸಿದ್ದೇನೆ, ಆದರೂ ಇಲ್ಲಿ ಬರೆಯುತ್ತೇನೆ:

‘ಬೆಳಿಗ್ಗೆ ೬-೪೦. ಹಾಸಿಗೆ ೧೭. ಹಾಲಿನಂತಿದೆ. ನಿನ್ನೆ ಮಧ್ಯಾಹ್ನದಿಂದ ಉಪವಾಸವೆಂದು ರೋಗಿಯ ಹೇಳಿಕೆ. ಚೆಲ್ಲಲಾಗಿದೆ.’

ರೋಗಿ ಹೇಳಿದ್ದನ್ನು ನಂಬಲಿ ಬಿಡಲಿ, ಹೇಳಿದಂತೆಯೇ ಬರೆಯಬೇಕೆಂಬುದು ನಿಯಮ. ಬರೆದಿದ್ದೇನೆ. ಕೊನೆಯಲ್ಲಿ ‘ಮರುಪರಿಶೀಲನೆ’ ಎಂಬ ಅಂಕಣವಿದೆ. ಅದು ಖಾಲಿ.

ನನ್ನ ರಕ್ತವನ್ನೂ ಪರೀಕ್ಷೆ ಮಾಡಿಸಿದೆ, ಟ್ರೈಗ್ಲಿಸರೈಡ್ ೪೧೦ ಇದೆ. ಎಲ್ಲವನ್ನೂ ನಮ್ಮ ಡಾಕ್ಟರಿಗೆ ತೋರಿಸಿದೆ. “ಇದೊಂದರಿಂದ್ಲೇ ಖಚಿತವಾಗಿ ಹೇಳಕ್ಕಾಗಲ್ಲ. ಆದ್ರೆ ಮಗನಿಗೆ ಇದೆ, ಮಗಳಿಗೆ ಇದೆ, ಮಗ ಕುಡಿಯಲ್ಲ. ನಾನಾಗಿದ್ರೆ ನಿಮ್ಮ ತಂದೆ ಮಾತನ್ನ ನಂಬ್ತೀನಿ” ಎಂದರು.

ಅಪ್ಪ ನನ್ನನ್ನು ‘ಡಾಕ್ಟ್ರಮ್ಮ’ ಎಂದು ಕರೆಯುತ್ತಿದ್ದ, ನೆನಪಿದೆಯಾ? ಬಸ್ ತೊಳೆಯಲು ಹಾಕಿದ ಮೇಲೂ ಹಾಗೇ ಕರೆದ. ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ.

ಅಕ್ಕ


ಜೂನ್ ೧೩

ಅಕ್ಕಾ,

ನಿನ್ನ ಕಾಗದ ಓದಿ ಸ್ಪ್ಯಾನರನ್ನು ಗೋಡೆಗೆ ಎಸೆದೆ. ಗೋಡೆಗೆ ತೂತಾಯಿತು. ನನ್ನ ಹೆಂಡತಿ ಅಲ್ಲಿ ಕ್ಯಾಲೆಂಡರ್ ತೂಗುಹಾಕಿದಳು. ಮೂರು ದಿನ ನಿನ್ನನ್ನು ಮನಸ್ಸಿನಲ್ಲೇ ಬೈದೆ. ನಾಲ್ಕನೇ ದಿನ ಆ ಪ್ರತಿಯನ್ನು ತೆಗೆದು ಮತ್ತೆ ನೋಡಿದೆ.

ಇಪ್ಪತ್ತೆಂಟು ವರ್ಷ ನಾನು ಅಪ್ಪನನ್ನು ನಂಬಿದೆ. ಊರೆಲ್ಲ ತಿರುಗಿ ನಂಬಿದೆ. ಆದರೆ ನನ್ನ ಕೈಯಲ್ಲಿ ಒಂದು ಚೂರು ಕಾಗದವಿರಲಿಲ್ಲ. ಅವನು ನಿಜ ಹೇಳಿದ ಎನ್ನಲು ಈ ಪ್ರಪಂಚದಲ್ಲಿ ಇರುವುದು ಒಂದೇ ಒಂದು ಸಾಲು. ಅದನ್ನು ಬರೆದವಳು ನೀನು. ನಂಬದೆ ಬರೆದೆ, ಸಿಟ್ಟಿನಲ್ಲಿ ಬರೆದೆ, ಆದರೂ ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆದೆ. ಚೆಲ್ಲಿದ್ದು ನಿಜ. ಬರೆದಿಟ್ಟು ಚೆಲ್ಲಿದೆಯಲ್ಲ. ನನಗೆ ಆ ಕೊಳವೆಯ ಕೆನೆ ನೋಡಿದಾಗಲೂ ಇಷ್ಟು ಬೆರಗಾಗಿರಲಿಲ್ಲ.

ನನ್ನ ಅಂಕಿ ಈಗ ೨೯೦. ಫೀನೊಫೈಬ್ರೇಟನ್ನು ಮತ್ತೆ ಶುರು ಮಾಡಿಸಿದ್ದಾರೆ, ಸ್ಟ್ಯಾಟಿನ್ ಬದಲಿಸಿದ್ದಾರೆ, ತೊಡೆನೋವು ಹೋಗಿದೆ. ಮೀನೆಣ್ಣೆಯೂ ಇದೆ, ತೇಗಿಲ್ಲ. ಇನ್ನು ನಾನಾಗಿ ಒಂದನ್ನೂ ಬಿಡುವುದಿಲ್ಲ, ಮಾತು ಕೊಡುತ್ತೇನೆ. ಮಗಳ ರಕ್ತವನ್ನೂ ಪರೀಕ್ಷೆ ಮಾಡಿಸಿದ್ದೇನೆ, ತಿಳಿಯಾಗಿದೆ. ನೋಡಿ ಅಳು ಬಂತು. ಮುಂದಿನ ತಿಂಗಳು ಮತ್ತೆ ಗುಂಡಿಗೆ ಇಳಿಯಬಹುದು ಎಂದಿದ್ದಾರೆ.

ನೀನು ಕ್ಷಮೆ ಕೇಳುವುದು ನನ್ನನ್ನಲ್ಲ. ನನಗೆ ಒಂದು ಕೆಲಸ ಮಾಡಿಕೊಡು. ಆ ಪುಸ್ತಕದಲ್ಲಿ ಕೊನೆಯ ಅಂಕಣ ಖಾಲಿ ಇದೆ ಎಂದೆಯಲ್ಲ. ಅದನ್ನು ತುಂಬು.

ನಿನ್ನ ತಮ್ಮ,
ಸ್ಕ್ರೂ


ಜೂನ್ ೨೦

ತಮ್ಮಾ,

ಹಳೆಯ ಪುಸ್ತಕದಲ್ಲಿ ಬರೆಯುವ ಹಾಗಿಲ್ಲ. ಆದ್ದರಿಂದ ಪುಸ್ತಕ, ನಿನ್ನ ಅಂಕಿಗಳು, ನನ್ನ ಅಂಕಿ ಎಲ್ಲವನ್ನೂ ಹೊತ್ತುಕೊಂಡು ನಮ್ಮ ಲ್ಯಾಬಿನ ಮುಖ್ಯಸ್ಥರ ಹತ್ತಿರ ಹೋದೆ. ಪೂರ್ತಿ ಕೇಳಿ, “ಇವತ್ತಿನ ತಾರೀಖು ಹಾಕಿ ಬರೀರಿ. ನಾನೂ ಸಹಿ ಹಾಕ್ತೀನಿ” ಎಂದರು. ಅಕ್ಷರ ಮೊದಲಿನಷ್ಟು ಗುಂಡಗೆ ಬಂದಿಲ್ಲ. ಪ್ರತಿ ಇದರೊಳಗಿದೆ:

‘ಮರುಪರಿಶೀಲನೆ: ಜೂನ್ ೨೦. ಮಾದರಿ ಕೆಟ್ಟಿರಲಿಲ್ಲ. ರೋಗಿಯ ಹೇಳಿಕೆ ನಿಜ.’

ಕೆಳಗೆ ಎರಡು ಸಹಿಗಳಿವೆ. ‘ರೋಗಿಯ ಸಂಬಂಧಿ’ ಎಂಬಲ್ಲಿ ಜಾಗ ಬಿಟ್ಟಿದ್ದೇನೆ. ಬಂದು ಹಾಕು.

ಅಪ್ಪನ ಮಗಳು,
ನಿನ್ನ ಅಕ್ಕ